ಬಾಗಲಾ ಮುಂದ ಮಾಡು

ಬ್ಯಾಡಗಿ
18 ಜನವರಿ 2025

ಶ್ವೇತಾ ಎಂಬುವವರಿಗೆ,

ನಿಮ್ಮ ಕಾಗದ ಬಂತು. ಅಕ್ಷರ ಇಷ್ಟಿಷ್ಟು ದಪ್ಪ ಮಾಡಿ ಬರೆದಿದ್ದೀರಿ. ಮುದುಕಿಗೆ ಕಣ್ಣು ಕಾಣುವುದಿಲ್ಲ ಅಂದುಕೊಂಡಿರೇನು? ಕಾಣುತ್ತದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟರೂ ಓದಲು ಬರೆಯಲು ಬರುತ್ತದೆ. ದಿನಾ ಪೇಪರು ಓದುತ್ತೇನೆ, ಖಾರದ ಗಿರಣಿ ನಡೆಸುತ್ತೇನೆ, ಮಂದಿಯ ಹಂಗಿನಲ್ಲಿಲ್ಲ.

ಏಳು ವರ್ಷದ ಹಿಂದೆ ಇಲ್ಲಿ ಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿದ್ದು ಐದು ಹೆಣ್ಣುಮಕ್ಕಳು ಸತ್ತರಲ್ಲ, ಅದರ ಬಗ್ಗೆ ಚಿತ್ರ ಮಾಡುತ್ತಿದ್ದೀರಿ. ಸತ್ತವರಲ್ಲಿ ಒಬ್ಬಳು ನನ್ನ ತಂಗಿ ಶೇಖವ್ವ. ಅದಕ್ಕೆ ನಾನು ಕ್ಯಾಮೆರಾದ ಮುಂದೆ ಕುಳಿತು ಅಳಬೇಕು. ಅಳಬೇಕು ಎಂದು ನೀವು ಬರೆದಿಲ್ಲ, ‘ನೋವು ಹಂಚಿಕೊಳ್ಳಬೇಕು’ ಎಂದು ಬರೆದಿದ್ದೀರಿ. ಎರಡೂ ಒಂದೇ.

ಬರುವುದಿಲ್ಲ. ಫೋನಿನಲ್ಲೂ ಮಾತಾಡುವುದಿಲ್ಲ. ಫೋನಿನಲ್ಲಿ ಮಾತಾಡಿದರೆ ನೀವು ಧ್ವನಿ ಹಿಡಿದು ಇಟ್ಟುಕೊಳ್ಳುತ್ತೀರಿ. ಒಮ್ಮೆ ಕೊಟ್ಟು ಕೆಟ್ಟಿದ್ದೇನೆ. ಬೆಂಕಿ ಬಿದ್ದ ಮೂರನೆಯ ದಿನ ಟಿವಿಯವನೊಬ್ಬ ಬಾಯಿಗೆ ಮೈಕು ಹಿಡಿದ. ಗೋದಾಮಿನ ಹೊರಗಿನ ಕೊಂಡಿ ಹಾಕಿತ್ತು, ಕಾವಲುಗಾರ ಕುತುಬುದ್ದೀನನೇ ಹಾಕಿದ್ದಾನೆ ಎಂದು ಊರು ಮಾತಾಡುತ್ತಿತ್ತು. ನಾನು ಅಂದದ್ದು ಇಷ್ಟು: “ಕೊಂಡಿ ಕುತುಬುದ್ದೀನ ಹಾಕ್ಯಾನ ಅನ್ನೂದು ಖರೇ ಅಲ್ಲ.” ಸಂಜೆ ಟಿವಿಯಲ್ಲಿ ಬಂದದ್ದು: “ಕೊಂಡಿ ಕುತುಬುದ್ದೀನ ಹಾಕ್ಯಾನ.” ಅಲ್ಲಿಗೆ ಕತ್ತರಿ. ಕೆಳಗೆ ನನ್ನ ಹೆಸರು, ‘ಸತ್ತವಳ ಅಕ್ಕ’. ನಮ್ಮ ಮಾತಿನಲ್ಲಿ ಇಲ್ಲ ಅಲ್ಲ ಎನ್ನುವುದೆಲ್ಲ ಬಾಲದಲ್ಲಿ ಬರುತ್ತದೆ. ಬಾಲ ಕತ್ತರಿಸಿದರೆ ಹಾವು ಹಗ್ಗವಾಗುತ್ತದೆ, ಹಗ್ಗ ಹಾವಾಗುತ್ತದೆ.

ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಕತ್ತರಿಸಿದರೆ ಕತ್ತರಿಸಿದ್ದು ಕಾಣುತ್ತದೆ. ಮತ್ತೆ ಧ್ವನಿ ಕೇಳಬೇಡಿ. ಅದು ನನ್ನೊಬ್ಬಳದ್ದಲ್ಲ.

ಗದಿಗೆವ್ವ


ಬೆಂಗಳೂರು
27 ಜನವರಿ 2025

ಪ್ರೀತಿಯ ಗದಿಗೆಮ್ಮನವರೇ,

ನಿಮ್ಮ ಪತ್ರವನ್ನು ನಮ್ಮ ಇಡೀ ತಂಡ ಓದಿತು. ಆ ಚಾನೆಲ್ಲಿನವರು ಮಾಡಿದ್ದಕ್ಕೆ ನಾನು ಕ್ಷಮೆ ಕೇಳಲಾರೆ, ಆದರೆ ನಾವು ಅಂಥವರಲ್ಲ ಎಂದಷ್ಟೇ ಹೇಳಬಲ್ಲೆ. ನಮ್ಮ ಚಿತ್ರ ಮೊಬೈಲಿನಲ್ಲೂ ಟಿವಿಯಲ್ಲೂ ನೋಡುವಂಥದ್ದು. ಬದುಕಿರುವವರ ಮಾತು, ಹಳೆಯ ಸುದ್ದಿ ತುಣುಕು, ನಡುವೆ ನಟರಿಂದ ಮಾಡಿಸಿದ ಮರುಸೃಷ್ಟಿ, ಹೀಗೆ ಹೆಣೆಯುತ್ತೇವೆ. ರಾಣೆಬೆನ್ನೂರಿನಲ್ಲಿ ಒಂದು ಹಳೆಯ ಹತ್ತಿ ಗೋದಾಮು ಸಿಕ್ಕಿದೆ. ಅದನ್ನೇ ನಿಮ್ಮ ಊರಿನ ಗೋದಾಮಿನಂತೆ ಮಾಡುತ್ತಿದ್ದೇವೆ. ಆ ಗೋದಾಮಿಗೆ ತಗಡಿನ ಬಾಗಿಲು ಮಾಡಿದ್ದ ಅಂಜಿನಪ್ಪ ಅವರೇ ಅಂಥದ್ದೇ ಬಾಗಿಲನ್ನು ನಮಗೂ ಮಾಡಿಕೊಡುತ್ತಿದ್ದಾರೆ. ನಿಮ್ಮ ತಂಗಿಯ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯ ಪಾತ್ರಕ್ಕೆ ಮಂಗಳೂರು ಕಡೆಯ ನಟಿ ನಿರ್ಮಲಾ ಬರುತ್ತಾಳೆ.

ಒಂದೇ ಒಂದು ಪ್ರಶ್ನೆ. ಪೊಲೀಸ್ ದಾಖಲೆಯ ಪ್ರಕಾರ ಶೇಖವ್ವನವರ ಫೋನಿನಿಂದ ಕೊನೆಯ ಕರೆ ಬಂದದ್ದು ನಿಮಗೆ. ಅವರು ಏನು ಹೇಳಿದರು?

ನಿಮ್ಮ
ಶ್ವೇತಾ


ಬ್ಯಾಡಗಿ
4 ಫೆಬ್ರುವರಿ 2025

ಶ್ವೇತಾ ಅವರಿಗೆ,

ನನ್ನ ಹೆಸರು ಗದಿಗೆವ್ವ. ಗದಿಗೆಮ್ಮ ಅಲ್ಲ. ಹೆಸರನ್ನೇ ತಿದ್ದುವವರು ಮಾತು ತಿದ್ದುವುದಿಲ್ಲ ಎಂದು ಹೇಗೆ ನಂಬಲಿ?

ತಂಗಿ ಫೋನು ಮಾಡಿ ‘ಊಟಕ್ಕೆ ಏನು ಮಾಡಿದ್ದೀ’ ಎಂದು ಕೇಳಿದಳು. ‘ಝುಣಕ’ ಎಂದೆ. ಅಷ್ಟೇ.

ಕುತುಬುದ್ದೀನನ ಬಗ್ಗೆ ಬರೆಯುತ್ತೇನೆ, ಅದನ್ನು ಸರಿಯಾಗಿ ಓದಿ. ಬೆಂಕಿ ಬಿದ್ದಾಗ ಅವನು ನಮಾಜಿಗೆ ಹೋಗಿದ್ದ. ಹೊಗೆ ನೋಡಿ ಓಡಿ ಬಂದ. ಕೆಂಪಗೆ ಕಾದಿದ್ದ ಕೊಂಡಿಯನ್ನು ಬರಿಗೈಯಲ್ಲಿ ಎತ್ತಿದ. ತಡವಾಗಿತ್ತು. ಎರಡೂ ಅಂಗೈಯಲ್ಲಿ ಕೊಂಡಿಯ ಬರೆ ಎದ್ದಿತು. ಆ ಬರೆಯನ್ನೇ ಪೊಲೀಸರು ಸಾಕ್ಷಿ ಮಾಡಿದರು, ‘ಕೊಂಡಿ ಮುಟ್ಟಿದವನು ಇವನೇ’ ಎಂದು. ಹಾವೇರಿ ಕೋರ್ಟಿನಲ್ಲಿ ಕೇಸು ನಿಲ್ಲಲಿಲ್ಲ, ಬಿಟ್ಟರು. ಕೋರ್ಟು ಬಿಟ್ಟರೂ ಊರು ಬಿಡಬೇಕಲ್ಲ. ಯಾರೂ ಕೆಲಸ ಕೊಡಲಿಲ್ಲ. ಈಗ ಗುತ್ತಲದಲ್ಲಿ ಮಗಳು ಮುಮ್ತಾಜಬಿಯ ಮನೆಯಲ್ಲಿ ಕುಳಿತು ಹರಕು ಚೀಲ ಹೊಲಿಯುತ್ತಾನೆ. ಬ್ಯಾಡಗಿಗೆ ಒಮ್ಮೆಯೂ ಬಂದಿಲ್ಲ. ಇಲ್ಲಿಯ ಮಂದಿಗೆ ಅವನ ಹೆಸರಿನ ಜೊತೆ ನೆನಪಾಗುವುದು ನನ್ನ ಧ್ವನಿ. ಮುಮ್ತಾಜಬಿ ಒಂದು ಸಲ ಗುತ್ತಲದ ಸಂತೆಯಲ್ಲಿ ಸಿಕ್ಕಳು. “ಯವ್ವಾ, ನಮ್ಮಪ್ಪಗ ನೀವು ಹಂಗ ಅನಬಾರದಿತ್ರಿ” ಎಂದಳು. ನಾನು ಅಂದಿಲ್ಲ ಎಂದು ಸಂತೆಯ ನಡುವೆ ಕೂಗಿ ಹೇಳಿದೆ. ಅವಳು ಟಿವಿಯಲ್ಲಿ ಕೇಳಿದ್ದಳು. ನನ್ನ ಬಾಯಿಗಿಂತ ನನ್ನ ಟಿವಿಯ ಬಾಯಿಯನ್ನೇ ನಂಬಿದಳು.

ಆದ್ದರಿಂದ ನಿಮ್ಮ ಚಿತ್ರದಲ್ಲಿ ಕುತುಬುದ್ದೀನನನ್ನು ಕೊಲೆಗಾರ ಮಾಡಬಾರದು. ಇದು ವಿನಂತಿ ಅಲ್ಲ.

ಗದಿಗೆವ್ವ


ಬ್ಯಾಡಗಿ
26 ಫೆಬ್ರುವರಿ 2025

ಶ್ವೇತಾ,

‘ಅವರಿಗೆ’ ಎಂದು ಬರೆಯುವಷ್ಟು ಮರ್ಯಾದೆ ಈಗ ಉಳಿದಿಲ್ಲ.

ಖಾರ ಕುಟ್ಟಿಸಲು ಬಂದ ಫಕ್ಕೀರಪ್ಪ ಮೊಬೈಲು ತಂದು ಮುಖಕ್ಕೆ ಹಿಡಿದ. “ನೋಡಬೇ ಗದಿಗೆವ್ವಾ, ನಿನ್ನ ತಂಗೀ ಪಿಚ್ಚರ್ ಬರಾಕತ್ತೈತಿ!” ಒಂದು ನಿಮಿಷದ ಜಾಹೀರಾತು. ಕೆಂಪು ಮೆಣಸಿನಕಾಯಿಯ ರಾಶಿ, ಸಂಗೀತ, ನಗುವ ಹೆಣ್ಣುಮಕ್ಕಳು. ಆಮೇಲೆ ಒಂದು ಕೈ. ಬರೇ ಕೈ, ಮುಖ ಇಲ್ಲ. ಆ ಕೈ ನಿಧಾನವಾಗಿ ಕೊಂಡಿ ಹಾಕುತ್ತದೆ. ಅಂಗೈಯಲ್ಲಿ ಸುಟ್ಟ ಬರೆ.

ಏನು ಬುದ್ಧಿ ನಿಮ್ಮದು! ಬರೆ ಬಿದ್ದದ್ದು ಕೊಂಡಿ ತೆಗೆದಾಗ. ಹಾಕುವ ಮೊದಲೇ ಕೈಗೆ ಬರೆ ಎಲ್ಲಿಂದ ಬಂತು? ನಾಲ್ಕನೇ ಇಯತ್ತೆಯ ಹುಡುಗಿಗೂ ತಿಳಿಯುವ ಲೆಕ್ಕ ನಿಮ್ಮ ಇಡೀ ತಂಡಕ್ಕೆ ತಿಳಿಯಲಿಲ್ಲವೇ? ಅಥವಾ ತಿಳಿದೂ ಮಾಡಿದಿರೋ?

ಆ ಕೈ ಯಾರದು? ಹೆಸರು ಹೇಳಿ. ಫಕ್ಕೀರಪ್ಪ ಅಂದ, “ಕುತುಬುದ್ದೀನಂದ ಐತಿ, ಮತ್ಯಾರದು? ನೋಡವಾ, ಕೈಯಾಗ ಸುಟ್ಟ ಬರಿ ಐತೆಲ್ಲ.” ಆಯಿತು, ನೋಡಿದಿರಾ? ಇನ್ನು ಮೇಲೆ ಆ ಕೈ ಎಲ್ಲರೂ ಕಣ್ಣಾರೆ ಕಂಡ ಕೈ. ಏಳು ವರ್ಷ ಅದು ಬರಿ ಮಾತಾಗಿತ್ತು. ನೀವು ಅದಕ್ಕೆ ಐದು ಬೆರಳು ಕೊಟ್ಟಿರಿ.

ಗದಿಗೆವ್ವ


ರಾಣೆಬೆನ್ನೂರು
5 ಮಾರ್ಚ್ 2025

ಗದಿಗೆವ್ವನವರೇ,

ಆ ಕೈ ನಮ್ಮ ಪ್ರೊಡಕ್ಷನ್ ಮ್ಯಾನೇಜರನದು. ಬರೆ ಮೇಕಪ್ಪು. ಟೀಸರನ್ನು ಚಿತ್ರಕ್ಕೆ ದುಡ್ಡು ಹಾಕಿದ ಮೇಲಿನವರು ತಾವೇ ಕತ್ತರಿಸಿ ಬಿಟ್ಟರು. ‘ಯಾರು ಮಾಡಿದರು’ ಎಂಬ ಪ್ರಶ್ನೆ ಇಲ್ಲದಿದ್ದರೆ ಜನ ನೋಡುವುದಿಲ್ಲ ಎನ್ನುತ್ತಾರೆ. ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ಆ ಕೈಯನ್ನು ಚಿತ್ರೀಕರಿಸಿದ ದಿನ ನಾನೇ ‘ಇನ್ನೂ ನಿಧಾನ’ ಎಂದು ಹೇಳಿದ್ದೆ. ನೀವು ಬೈದಿದ್ದು ಸರಿ.

ಈ ಪತ್ರ ಬೇರೆ ಕಾರಣಕ್ಕೆ. ಇದನ್ನು ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ.

ನಿನ್ನೆಯಿಂದ ಗೋದಾಮಿನ ದೃಶ್ಯ ನಡೆಯುತ್ತಿದೆ. ನಿಜವಾದ ಹೊಗೆ ಬೇಕೆಂದು ಒಂದು ಬುಟ್ಟಿ ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುರಿಸಿದೆ. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಾದೆವು. ಯಾರೂ ಕೆಮ್ಮಲಿಲ್ಲ. ಮೆಣಸಿನಕಾಯಿ ಕಪ್ಪಾಗಿ ಸುಟ್ಟುಹೋಯಿತು, ಹೊಗೆ ಬಂತು, ಘಾಟು ಬರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮೆ, ಅದಕ್ಕೇ ಇರಬೇಕು ಎಂದೆ. ಹಾವೇರಿಯಿಂದ ಬಂದಿರುವ ಕ್ಯಾಮೆರಾ ಸಹಾಯಕ ಯೂಸುಫಸಾಬ ಮಾತ್ರ ಕೆಂಡದಿಂದ ದೂರ ಹೋಗಿ ನಿಂತ. ಕೇಳಿದರೆ, “ಏನಿಲ್ಲ ಬಿಡ್ರಿ ಮೇಡಂ” ಎಂದ.

ಆಮೇಲೆ ನಿರ್ಮಲಾ. ಅವಳ ಕೆಲಸ ಕುಳಿತು ತೊಟ್ಟು ಮುರಿಯುವುದು, ಅಷ್ಟೇ. ಚಿತ್ರೀಕರಣ ಶುರುವಾದ ಸ್ವಲ್ಪ ಹೊತ್ತಿಗೆ ತಲೆ ಎತ್ತಿ “ಹ್ಞೂಂ” ಎಂದಳು. ಎದ್ದು ಹೋಗಿ ಬಾಗಿಲು ತಳ್ಳಿ ಮುಚ್ಚಿದಳು. ತಳ್ಳಿದ ಕೂಡಲೇ ಒಳಗೆ ಘಾಟು ಎದ್ದಿತು. ಕಣ್ಣು ಬಿಡಲು ಆಗಲಿಲ್ಲ. ಬಾಗಿಲು ತೆರೆಯಲು ಹೋದರೆ ತೆರೆಯಲಿಲ್ಲ. ಹೊರಗಿನ ಕೊಂಡಿ ಹಾಕಿತ್ತು. ಹೊರಗೆ ನಮ್ಮವರು ಯಾರೂ ಇರಲಿಲ್ಲ. ಚಹಾ ತಂದವನು ಬಂದು ತೆಗೆದ. ಎಷ್ಟು ಹೊತ್ತಾಗಿತ್ತೋ. ಸಿಟ್ಟಿನಲ್ಲಿ ಒಬ್ಬರ ಮೇಲೊಬ್ಬರು ಕೂಗಾಡಿದೆವು. ಇಂದು ಮತ್ತೆ ಹಾಗೇ ಆಯಿತು.

ನಿರ್ಮಲಾಳನ್ನು ಕೇಳಿದೆ, ಯಾಕೆ ಎದ್ದೆ ಎಂದು. ಹಿಂದೆ ಕುಳಿತಿದ್ದ ದೊಡ್ಡ ಹೆಂಗಸು ಹೇಳಿದಳು ಎನ್ನುತ್ತಾಳೆ. ಅವಳ ಹಿಂದೆ ಚೀಲದ ಒಟ್ಟಿಲು ಮಾತ್ರ ಇತ್ತು. ಕೊರಳಿನ ಮೈಕಿನಲ್ಲಿ ಕೇಳಿದೆವು. ಅದರಲ್ಲಿ ಯಾರ ಮಾತೂ ಇಲ್ಲ. ಇವಳ ‘ಹ್ಞೂಂ’ ಮಾತ್ರ ಇದೆ.

ಆ ಹೆಂಗಸು ಹೇಳಿದ ಮಾತು ಅವಳಿಗೆ ಅರ್ಥವಾಗಿರಲಿಲ್ಲವಂತೆ. ಆದರೂ ಕಾಲು ತಾನಾಗಿ ಬಾಗಿಲ ಕಡೆ ನಡೆಯಿತಂತೆ. ಕೇಳಿದಂತೆಯೇ ಬರೆದುಕೊಟ್ಟಿದ್ದಾಳೆ: “ಬಾಗಲಾ ಮುಂದ ಮಾಡು.” ಇದರ ಅರ್ಥವೇನು? ಬಾಗಿಲನ್ನು ಎಲ್ಲಿಂದ ಎಲ್ಲಿಗೆ ಮುಂದೆ ಮಾಡುವುದು?

ಶ್ವೇತಾ


ಬ್ಯಾಡಗಿ
10 ಮಾರ್ಚ್ 2025

ಶ್ವೇತಾ,

ನಿನ್ನ ಕಾಗದ ಓದಿ ಗಿರಣಿ ಬಂದ್ ಮಾಡಿದೆ. ಮಂದಿ ಡಬ್ಬಿ ಇಟ್ಟು ಹೋಗಿದ್ದಾರೆ, ನಾಳೆ ಬರಲಿ.

ಬಾಗಲಾ ಮುಂದ ಮಾಡು ಎಂದರೆ ಬಾಗಿಲು ಹಾಕು ಎಂದು. ಗಟ್ಟಿ ಚಿಲಕ ಹಾಕು ಎಂದಲ್ಲ. ಸುಮ್ಮನೆ ಬಾಗಿಲು ಎಳೆದಿಡು, ಅಷ್ಟೇ. ನಾವು ಮಕ್ಕಳಿದ್ದಾಗಿನಿಂದ ದಿನಕ್ಕೆ ಹತ್ತು ಸಲ ಅನ್ನುವ ಮಾತು. ಮಂಗಳೂರಿನ ಹುಡುಗಿಗೆ ಅದು ಗೊತ್ತಿರಲು ಕಾರಣವಿಲ್ಲ. ನಾನು ನಿನಗೆ ಬರೆದಿಲ್ಲ.

ಈಗ ಕೇಳು. ಊಟ, ಝುಣಕ ಎಂದು ಬರೆದದ್ದು ಅರ್ಧ. ಉಳಿದರ್ಧ ಇದು. ಸಂಜೆ ಹೊತ್ತು ಇಲ್ಲಿ ಗೋದಾಮುಗಳ ಹೊರಗೆ ತೊಟ್ಟು, ಕಸ, ಕೊಳೆತ ಕಾಯಿ ಗುಡಿಸಿ ಸುಡುತ್ತಾರೆ. ಆ ಘಾಟು ಒಳಗೆ ಬರುತ್ತದೆ. ಬಂದ ಕೂಡಲೇ ಹೆಣ್ಣುಮಕ್ಕಳು ಬಾಗಿಲು ಹಾಕುತ್ತಾರೆ. ಬೇರೆ ಊರಿನವರಾದರೆ ಹೊಗೆಯ ವಾಸನೆ ಬಂದರೆ ಹೊರಗೆ ಓಡುತ್ತಾರೆ. ನಾವು ಮೆಣಸಿನಕಾಯಿ ಊರಿನವರು. ನಮಗೆ ಘಾಟು ಎಂದರೆ ಹೊರಗಿನದು. ತಂಗಿ ನನ್ನ ಜೊತೆ ಮಾತಾಡುತ್ತಲೇ ಕೆಮ್ಮಿದಳು. “ಅಕ್ಕಾ, ತೊಟ್ಟು ಸುಡಾಕತ್ತಾರ ಕಾಣತೈತಿ, ಘಾಟು ಬರಾಕತ್ತೈತಿ” ಎಂದಳು. ಆಮೇಲೆ ಅಲ್ಲಿದ್ದ ಯಾವಳಿಗೋ ಕೂಗಿದಳು: “ಏ, ಬಾಗಲಾ ಮುಂದ ಮಾಡು!” ಬಾಗಿಲು ಬಡಿದ ಸಪ್ಪಳ ಕೇಳಿತು. ಫೋನು ಇಟ್ಟಳು. ಬೆಂಕಿ ಒಳಗೇ ಇತ್ತು. ಚೀಲಗಳ ಹಿಂದೆ.

ಇದನ್ನು ಪೊಲೀಸರಿಗೆ ಹೇಳಿದೆ. “ಒಳಗಿಂದ ಬಾಗಲಾ ಹಾಕಿದ್ರ ಹೊರಗಿನ ಕೊಂಡೀನ ನಿಮ್ಮ ತಂಗಿ ದೆವ್ವ ಆಗಿ ಬಂದು ಹಾಕಿದ್ಲೇನಬೇ?” ಎಂದು ನಕ್ಕರು, ಬರೆದುಕೊಳ್ಳಲಿಲ್ಲ. ಹೇಳಿದರೂ ಕುತುಬುದ್ದೀನನಿಗೆ ಉಪಯೋಗವಿಲ್ಲ. ಉಳಿದ ನಾಲ್ಕು ಮನೆಯವರು ಮಾತ್ರ ‘ಬಾಗಿಲು ಹಾಕಿಸಿದವಳು ಶೇಖವ್ವ’ ಎಂದು ಅವಳಿಗೆ ಮಣ್ಣು ತೂರುತ್ತಾರೆ. ಅದಕ್ಕೇ ಬಾಯಿ ಮುಚ್ಚಿದೆ.

ಘಾಟು ಬರಲಿಲ್ಲ ಎಂದೆಯಲ್ಲ. ಯೂಸುಫಸಾಬನಿಗೆ ಗೊತ್ತು, ನಿನಗೆ ಹೇಳಲಿಲ್ಲ. ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಾಗ ಘಾಟು ಬಾರದಿದ್ದರೆ ದೃಷ್ಟಿ ಬಿದ್ದಿದೆ ಎಂದು ಅರ್ಥ. ಅಲ್ಲಿ ಏನೋ ಕಣ್ಣು ನೆಟ್ಟು ನೋಡುತ್ತಿದೆ. ಯಾವ ಕಣ್ಣು ಎಂದು ನೀನೇ ಯೋಚಿಸು. ಮೂರು ಕಾಲಿನ ಮೇಲೆ ನಿಲ್ಲಿಸಿದ್ದೀಯಲ್ಲ.

ಆದರೆ ನನ್ನನ್ನು ಕೊರೆಯುತ್ತಿರುವುದು ಅದಲ್ಲ, ಕೊಂಡಿ. ನಿಮ್ಮ ಗೋದಾಮಿನ ಹೊರಗೆ ಯಾರೂ ಇರಲಿಲ್ಲ, ಕೊಂಡಿ ಬಿದ್ದಿತ್ತು. ನಮ್ಮಲ್ಲೂ ಯಾರೂ ಇರಲಿಲ್ಲ. ಎರಡೂ ಬಾಗಿಲು ಮಾಡಿದವನು ಒಬ್ಬನೇ. ಸುಟ್ಟ ಬಾಗಿಲನ್ನು ಯಾರೂ ಮತ್ತೆ ಹಾಕಿ ತೆಗೆದು ನೋಡಲಿಲ್ಲ, ಗುಜರಿಗೆ ಹೋಯಿತು. ಈಗ ಅದರ ಅಣ್ಣತಮ್ಮ ನಿನ್ನ ಹತ್ತಿರ ಇದೆ. ಒಂದು ಕ್ಯಾಮೆರಾ ಹೊರಗೆ ಇಟ್ಟು ಬಾಗಿಲು ಬಡಿ.

ಗದಿಗೆವ್ವ


ರಾಣೆಬೆನ್ನೂರು
19 ಮಾರ್ಚ್ 2025

ಗದಿಗೆವ್ವಾ,

ಬಡಿದೆವು. ಹೊರಗೆ ಕ್ಯಾಮೆರಾ ಇಟ್ಟು, ಎಲ್ಲರೂ ಅದರ ಹಿಂದೆ ನಿಂತು, ನಿರ್ಮಲಾಳನ್ನು ಮಾತ್ರ ಒಳಗೆ ಬಿಟ್ಟು.

ಕೊಂಡಿ ಎಂದರೆ ಮೇಲಕ್ಕೆ ಎತ್ತಿ ನಿಲ್ಲಿಸುವ ಕಬ್ಬಿಣದ ಪಟ್ಟಿ. ಒಳಗಿಂದ ಬಾಗಿಲನ್ನು ರಭಸದಿಂದ ತಳ್ಳಿದರೆ ಅದು ನಡುಗುತ್ತದೆ, ಓಲಾಡುತ್ತದೆ, ಆಮೇಲೆ ತಾನಾಗಿ ಕೆಳಗೆ ಬಂದು ಕೊಕ್ಕೆಯೊಳಗೆ ಕೂರುತ್ತದೆ. ನಿಧಾನವಾಗಿ. ನಾನು ಆ ಕೈಗೆ ‘ಇನ್ನೂ ನಿಧಾನ’ ಎಂದಿದ್ದೆನಲ್ಲ, ಅಷ್ಟೇ ನಿಧಾನವಾಗಿ. ಯಾವ ಕೈಯೂ ಇಲ್ಲ. ಎಲ್ಲರೂ ನೋಡುತ್ತ ನಿಂತೆವು. ಯೂಸುಫಸಾಬ ಓಡಿ ಹೋಗಿ ತೆಗೆದ.

ಪ್ರತಿ ಸಲವೂ ಬೀಳುವುದಿಲ್ಲ. ಜೋರಾಗಿ ಹಾಕಿದರೆ ಬೀಳುತ್ತದೆ. ಅಂಜಿನಪ್ಪ ಅವರನ್ನು ಕರೆಸಿ ತೋರಿಸಿದೆ. ತುಂಬ ಹೊತ್ತು ನೋಡಿದರು. “ನಾ ಇದನ್ನ ಎಷ್ಟ ಮಂದಿಗೆ ಮಾಡಿ ಕೊಟ್ಟೇನ್ರೀ ಯವ್ವಾ...” ಎಂದವರು ಮಾತು ಮುಗಿಸದೆ ಬಾಗಿಲ ಮುಂದೆ ಕುಳಿತುಬಿಟ್ಟರು. ಮರುದಿನದಿಂದ ಹಳೆಯ ಗಿರಾಕಿಗಳ ಊರೂರಿಗೆ ಹೋಗಿ ಕೊಂಡಿ ಕಿತ್ತು ಬರುತ್ತಿದ್ದಾರಂತೆ.

ಮೇಲಿನವರಿಗೆ ಈ ತುಣುಕು ಕಳಿಸಿದೆ. ‘ಕಬ್ಬಿಣದ ಪಟ್ಟಿ ಬೀಳುವುದನ್ನು ಯಾರು ನೋಡುತ್ತಾರೆ? ಕೈ ಇರಲಿ, ಇದನ್ನು ಕೊನೆಯಲ್ಲಿ ಒಂದು ಸಾಧ್ಯತೆ ಎಂದು ಹಾಕೋಣ’ ಎಂದರು. ಬಾಗಿಲು ಹಾಕಿದ್ದು ಒಳಗಿನವರೇ ಎಂದು ಹೇಳುವ ಬಾಯಿ ಇಲ್ಲದೆ ಈ ಪಟ್ಟಿಗೆ ಬೆಲೆ ಇಲ್ಲ. ಆ ಬಾಯಿ ನಿಮ್ಮದು. ಧ್ವನಿ ಕೇಳಬೇಡ ಎಂದಿದ್ದಿರಿ. ಕೇಳುತ್ತಿದ್ದೇನೆ.

ಶ್ವೇತಾ


ಬ್ಯಾಡಗಿ
24 ಮಾರ್ಚ್ 2025

ತಂಗಿ ಶ್ವೇತಾ,

ಒಂದು ಮಾತು ನೆನಪಾಯಿತು. ಆವತ್ತು ಕುತುಬುದ್ದೀನ ಸುಟ್ಟ ಕೈ ಎತ್ತಿ ಹಿಡಿದುಕೊಂಡು ಅಂದದ್ದು: “ಕೊಂಡಿ ಬಿದ್ದಿತ್ರೀ... ಬಿದ್ದಿತ್ರೀ...” ನಾವೆಲ್ಲ ಅದನ್ನು ‘ಹಾಕಿತ್ತು’ ಎಂದು ಕೇಳಿಸಿಕೊಂಡೆವು. ಪೊಲೀಸರೂ ‘ಹಾಕಿತ್ತು’ ಎಂದೇ ಬರೆದರು. ಅವನು ಹೇಳಿದ್ದು ಬಿದ್ದಿತ್ತು. ಬಿದ್ದಿತ್ತು ಎಂದರೆ ಬಿದ್ದಿತ್ತು. ಅವನಿಗೂ ತಾನು ಹೇಳಿದ್ದು ತಿಳಿದಿರಲಿಕ್ಕಿಲ್ಲ.

ಬರುತ್ತೇನೆ. ಧ್ವನಿ ನನ್ನೊಬ್ಬಳದ್ದಲ್ಲ ಎಂದೆನಲ್ಲ, ಅದರ ಅರ್ಥ ಹೇಳಿಬಿಡುತ್ತೇನೆ. ನನ್ನದೂ ಶೇಖವ್ವನದೂ ಒಂದೇ ಧ್ವನಿ. ಹೆತ್ತವ್ವನಿಗೂ ಒಳಗಿಂದ ಯಾರು ಕೂಗಿದರು ಎಂದು ತಿಳಿಯುತ್ತಿರಲಿಲ್ಲ. ಕರ್ಜಗಿಗೆ ಮದುವೆಯಾಗಿ ಹೋದ ಹೊಸತರಲ್ಲಿ ಅವಳ ಗಂಡ ಫೋನಿನಲ್ಲಿ ನನಗೇ “ಏನಬೇ, ಯಾವಾಗ ಬರ್ತಿ” ಎಂದು ಕೇಳಿ ಬೈಸಿಕೊಂಡಿದ್ದ. ಟಿವಿಯಲ್ಲಿ ಕುತುಬುದ್ದೀನನ ಹೆಸರು ಹೇಳಿದ್ದು ನಾನಾದರೂ ನನಗೆ ಕೇಳಿದ್ದು ಸತ್ತವಳ ಬಾಯಿಂದ.

ಕತ್ತರಿಸಬಾರದು. ಕತ್ತರಿಸಿದರೂ ಹಾಳಾಗದ ಹಾಗೆ ಮಾತಾಡುತ್ತೇನೆ, ಈ ಸಲ ‘ಇಲ್ಲ’ವನ್ನು ಮುಂದೆ ಇಟ್ಟು. ಬರುವಾಗ ಮೆಣಸಿನಕಾಯಿ, ಉಪ್ಪು ತರುತ್ತೇನೆ. ಕೆಂಡ ಮಾಡಿಸಿಡು.

ಗದಿಗೆವ್ವ


ಬೆಂಗಳೂರು
8 ಏಪ್ರಿಲ್ 2025

ಗದಿಗೆವ್ವಾ,

ನೀವು ಹೋದ ಮೇಲೆ ಹೇಳಬೇಕೆಂದು ಇಟ್ಟುಕೊಂಡಿದ್ದೆ.

ಗೋದಾಮಿನ ಬಾಗಿಲಲ್ಲಿ ನಿಂತು ನೀವು “ಎಲ್ಲಿ ಕುಂದ್ರಲಿ?” ಎಂದಿರಲ್ಲ, ಆಗ ಒಳಗೆ ಲೋಟ ಬಿದ್ದ ಸಪ್ಪಳವಾಯಿತು. ಅದು ನಿರ್ಮಲಾ. ನಿಮ್ಮ ಮುಖ ಅವಳಿಗೆ ಕಂಡಿರಲಿಲ್ಲ. “ಆವತ್ತು ನನ್ನ ಹಿಂದೆ ಕುಳಿತಿದ್ದವರು ಅವರೇ” ಎಂದಳು. ನೀವು ಇರುವಷ್ಟು ಹೊತ್ತೂ ಹೊರಗೆ ಬರಲಿಲ್ಲ. ಅವಳಿಗೆ ಹುಷಾರಿಲ್ಲ ಎಂದು ನಿಮಗೆ ಸುಳ್ಳು ಹೇಳಿದೆ, ಕ್ಷಮಿಸಿ.

ನೀವು ಕ್ಯಾಮೆರಾದ ಸುತ್ತ ಮೆಣಸಿನಕಾಯಿ ನಿವಾಳಿಸಿದ್ದನ್ನು ನಮ್ಮ ಹುಡುಗರು ಇನ್ನೂ ಆಡಿಕೊಂಡು ನಗುತ್ತಾರೆ. “ಕ್ಯಾಮೆರಾಕ್ಕೂ ದೃಷ್ಟಿ ತೆಗೀತಾರೇನಬೇ?” ಎಂದು ಯೂಸುಫಸಾಬ ಕೇಳಿದ್ದು, “ಅದಕ್ಕಲ್ಲೋ ಮೂಳ, ದೃಷ್ಟಿ ಅದರದ್ದ ಐತಿ!” ಎಂದು ನೀವು ಗದರಿದ್ದು. ಆಮೇಲೆ ಕೆಂಡಕ್ಕೆ ಹಾಕಿದಾಗ ಘಾಟು ಎದ್ದು ನಾವೆಲ್ಲ ಕೆಮ್ಮಿ, ಸೀನಿ, ಕಣ್ಣೀರು ಸುರಿಸಿಕೊಂಡು ಹೊರಗೆ ಓಡಿದಾಗ ನೀವೊಬ್ಬರೇ ಒಳಗೆ ನಿಂತು ನಕ್ಕಿರಿ. ನೀವು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಿತ್ರ ಮುಗಿಯಿತು. ಕೈ ಇಲ್ಲ. ‘ಕೈ ಬೇಕಾದರೆ ನನ್ನ ಹೆಸರು ತೆಗೆಯಿರಿ’ ಎಂದೆ. ಜಗಳ ಬಹಳವಾಯಿತು. ಕೊನೆಗೆ ಅವರನ್ನು ಸುಮ್ಮನಾಗಿಸಿದ್ದು ನಿಮ್ಮ ಮಾತು. “ಇಲ್ಲ. ಹಾಕಿಲ್ಲ ಕುತುಬುದ್ದೀನ. ಯಾರೂ ಹಾಕಿಲ್ಲ. ನನ್ನ ತಂಗಿ ಬಾಗಲಾ ಮುಂದ ಮಾಡು ಅಂದ್ಲು, ಕೊಂಡಿ ಬಿತ್ತು.” ಎಲ್ಲಿ ಕತ್ತರಿ ಹಾಕಿದರೂ ಅದು ಅದನ್ನೇ ಹೇಳುತ್ತದೆ. ಅದರ ಮೇಲೆ ಪಟ್ಟಿ ತಾನಾಗಿ ಬೀಳುವ ದೃಶ್ಯ. ಸಂಗೀತ ಹಾಕಿಲ್ಲ.

ಶ್ವೇತಾ


ಬ್ಯಾಡಗಿ
15 ಜೂನ್ 2025

ತಂಗಿ ಶ್ವೇತಾ,

ಚಿತ್ರ ಬಂತು, ಊರೆಲ್ಲ ನೋಡಿತು. ನಾನು ನೋಡಲಿಲ್ಲ. ನನ್ನ ಬಾಯಿಂದ ಅವಳು ಮಾತಾಡುವುದನ್ನು ಕೇಳುವ ಶಕ್ತಿ ಇಲ್ಲ. ಫಕ್ಕೀರಪ್ಪ ಬಂದು ಡಬ್ಬಿ ಇಟ್ಟು, “ಕೈ ಇಲ್ಲಲ್ಲಬೇ, ಎಲ್ಲಿ ಹೋತು?” ಎಂದ. “ಇದ್ದರ ಹೋಗಾಕ” ಎಂದೆ. ಸತ್ತವರ ಎರಡು ಮನೆಯವರು ನನ್ನ ಗಿರಣಿಗೆ ಬರುವುದು ಬಿಟ್ಟರು. ಬಿಡಲಿ. ಇನ್ನೊಂದು ಮನೆಯ ಸೊಸೆ ಬಂದು, “ನಮ್ಮತ್ತಿ ಇದ್ರೂ ಹಂಗ ಅಂತಿದ್ಲು ತಗೋರಿ, ನಾವೂ ದಿನಾ ಹಂಗ ಮಾಡ್ತಿದ್ವಿ” ಎಂದು ಅತ್ತು ಹೋದಳು.

ನಿನ್ನೆ ಮಧ್ಯಾಹ್ನ ಗುತ್ತಲದ ಬಸ್ಸಿನಿಂದ ಕುತುಬುದ್ದೀನ ಇಳಿದ. ಏಳು ವರ್ಷದಲ್ಲಿ ಮೊದಲ ಸಲ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ ನಡುಬೀದಿಯಲ್ಲಿ ನಡೆದು ಬಂದ. ಯಾರೋ ಚಹಾದಂಗಡಿಯಿಂದ ಎದ್ದು ನಮಸ್ಕಾರ ಮಾಡಿದರಂತೆ. ಪಡಸಾಲೆಯಲ್ಲಿ ಕುಳಿತ. ಮುದುಕನಾಗಿದ್ದಾನೆ. ಚಹಾದ ಬಟ್ಟಲನ್ನು ಎರಡೂ ಅಂಗೈಯ ನಡುವೆ ಹಿಡಿಯುತ್ತಾನೆ. ಬೆರಳು ಮಡಚುವುದಿಲ್ಲ. “ಮುಮ್ತಾಜಬಿ ಎರಡ ಸಲ ಹಾಕಿ ತೋರಿಸಿದಳ್ರಿ. ನಾ ಕೊಂಡಿ ಬೀಳೂದ ನೋಡಿಲ್ರಿ, ನಿಮ್ಮ ಮಾತಷ್ಟ ಕೇಳಿದೆ” ಎಂದ. ನಾನು ಇನ್ನೊಂದು ಬಟ್ಟಲು ಚಹಾ ಹಾಕಿದೆ.

ಹೊರಡಲು ಎದ್ದ. ಗಿರಣಿಯ ಖಾರದ ಪುಡಿ ಮನೆಯೊಳಗೆ ಹಾರಿ ಬರುತ್ತದೆ, ಅದಕ್ಕೆ ಮೊದಲೆಲ್ಲ ಯಾರು ಹೊರಟರೂ ಬೆನ್ನ ಹಿಂದಿನಿಂದ ನಾನು ಆ ಬಾಗಿಲಿನ ಮಾತು ಅನ್ನುವವಳೇ. ಏಳು ವರ್ಷದಿಂದ ಅಂದಿಲ್ಲ. ನಿನ್ನೆ ನಾಲಿಗೆಯ ತುದಿಯವರೆಗೆ ಬಂತು. ಸೆರಗು ಬಾಯಿಗೆ ಒತ್ತಿ ಹಿಡಿದೆ. ಒತ್ತಿ ಹಿಡಿದಿದ್ದೆ ಶ್ವೇತಾ, ಇದನ್ನು ಸರಿಯಾಗಿ ಓದು.

ಕುತುಬುದ್ದೀನ ಹೊಸ್ತಿಲು ದಾಟಿದವನು ನಿಂತ. ಬಾಗಿಲಿನ ಮೇಲೆ ಆ ಸುಟ್ಟ ಕೈ ಇಟ್ಟು ಹೊರಳಿ ನೋಡಿದ. ನನ್ನನ್ನಲ್ಲ, ನನ್ನ ಹಿಂದೆ, ಅಡಿಗೆಮನೆಯ ಕಡೆ.

“ಬ್ಯಾಡ್ರಿ ಅಕ್ಕಾರ, ತೆರದ ಇರ್ಲಿ” ಎಂದ.

ಬಾಗಿಲು ತೆರೆದೇ ಇದೆ. ಖಾರ ಹಾರಿ ಬಂದು ಈ ಕಾಗದದ ಮೇಲೆಲ್ಲ ಬೀಳುತ್ತಿದೆ. ಬೀಳಲಿ.

ಗದಿಗೆವ್ವ